ಇಪ್ಪತ್ತು ಜನ, ಒಂದು ಮಳೆ

ಮಾವನವರ ಮಳೆ ಪುಸ್ತಕ ಈಗಲೂ ನಮ್ಮ ಜಗುಲಿಯ ಗೂಡಿನಲ್ಲಿದೆ. ಅಂಗಡಿ ಲೆಕ್ಕಕ್ಕೆ ಇಟ್ಟುಕೊಳ್ಳುವಂಥ ಉದ್ದನೆಯ ಪುಸ್ತಕ, ಬೆನ್ನಿಗೆ ಕೆಂಪು ಬಟ್ಟೆ. ಬೆಳಿಗ್ಗೆ ಎಂಟೂವರೆ ಆಯಿತೆಂದರೆ ಅವರು ಅಂಗಳಕ್ಕಿಳಿದು, ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಓದಿ, ಒಳಗೆ ಬಂದು ಬರೆಯುತ್ತಿದ್ದರು. ಹವಾಮಾನ ಇಲಾಖೆಯವರು ಅಳೆಯುವ ಹೊತ್ತೂ ಅದೇ. ನಿನ್ನೆ ಎಂಟೂವರೆಯಿಂದ ಇವತ್ತು ಎಂಟೂವರೆವರೆಗೆ ಬಿದ್ದದ್ದು ಇವತ್ತಿನ ಲೆಕ್ಕ. ಅವರು ತೀರಿಕೊಂಡ ಮೇಲೆ ಪುಸ್ತಕ ನನ್ನ ಕೈಗೆ ಬಂತು.

ಸಾಗರದ ಸುತ್ತಿನ ಅಡಿಕೆ ತೋಟದ ಊರುಗಳಲ್ಲಿ ಹುಡುಕಿದರೆ ಇಂಥ ಪುಸ್ತಕಗಳು ಇನ್ನೂ ಸಿಗುತ್ತವೆ. ಹೊತ್ತು ಕಳೆಯಲು ಬರೆದವಲ್ಲ ಅವು. ಮಳೆ ಹಿಡಿದದ್ದು ಬಿಡದೇ ಹೋದರೆ ಅಡಿಕೆಗೆ ಕೊಳೆ ಬರುತ್ತದೆ. ಎಷ್ಟು ದಿನ ಹುಯ್ದಿತು, ಯಾವಾಗ ಹೊಳವಾಯಿತು ಎಂದು ನೋಡಿಕೊಂಡೇ ಬೋರ್ಡೋ ಮದ್ದು ಹೊಡೆಸಬೇಕು. ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆವಿಮೆ ಬಂದ ಮೇಲಂತೂ ಪರಿಹಾರದ ಲೆಕ್ಕ ಪಂಚಾಯಿತಿಯ ಮಳೆಮಾಪಕ ಹೇಳುವ ಅಂಕಿಯನ್ನೇ ನೆಚ್ಚಿಕೊಂಡಿದೆ. ಆ ಯಂತ್ರಕ್ಕೂ ನಮ್ಮ ತೋಟಕ್ಕೂ ನಡುವೆ ಒಂದು ಗುಡ್ಡ ಬಂದರೆ ಸಾಕು, ಅಲ್ಲಿಯ ಮಳೆಯೇ ಬೇರೆ, ಇಲ್ಲಿಯ ಮಳೆಯೇ ಬೇರೆ. ನಮ್ಮ ಅಂಗಳದ ಲೆಕ್ಕ ನಮ್ಮ ಕೈಯಲ್ಲಿರಲಿ ಎಂದು ಜನ ಬಯಸುವುದು ಅದಕ್ಕೇ.

2024ರ ಜೂನ್ ಕೊನೆಯಲ್ಲಿ ಬೆಂಗಳೂರಿನಿಂದ ಅಣ್ಣನ ಮಗಳ ಫೋನು ಬಂತು. “ಅತ್ತೆ, ನಂಗೆ ಇಪ್ಪತ್ತು ಜನ ಬೇಕು.”

ಚಿಕ್ಕವಳಿದ್ದಾಗ ನಮ್ಮಲ್ಲಿಗೆ ಬಂದರೆ ಮಾವನವರ ತಲೆಯ ಮೇಲೆ ಕೊಡೆ ಹಿಡಿದು ನಿಲ್ಲುತ್ತಿದ್ದ ಹುಡುಗಿ ಅವಳು. ಈಗ ಕಂಪನಿಯ ಕೆಲಸ ಮುಗಿದ ಮೇಲೆ ರಾತ್ರಿ ಕೂತು ಒಂದು ಆ್ಯಪ್ ಮಾಡಿದ್ದಳು. ದಿನದ ಮಳೆ ಬರೆದಿಡುವುದು, ಅದನ್ನು ತಿಂಗಳ ಲೆಕ್ಕಕ್ಕೂ ಮಳೆ ನಕ್ಷತ್ರಗಳ ಲೆಕ್ಕಕ್ಕೂ ಕೂಡಿ ತೋರಿಸುವುದು, ಸಿಗ್ನಲ್ ಇಲ್ಲದ ಕಡೆಯೂ ನಡೆಯುವುದು, ಇಷ್ಟೇ ಅದರ ಕೆಲಸ. ಗೂಗಲ್ ಪ್ಲೇನಲ್ಲಿ ಹೊಸದಾಗಿ ಸ್ವಂತ ಖಾತೆ ತೆರೆದವರು ತಮ್ಮ ಆ್ಯಪನ್ನು ಎಲ್ಲರಿಗೂ ಬಿಡುವ ಮೊದಲು 20 ಮಂದಿ ಸತತ 14 ದಿನ ಅದರ ಪರೀಕ್ಷಕರಾಗಿರಬೇಕು ಎಂಬ ನಿಯಮ 2023ರ ನವೆಂಬರಿನಲ್ಲಿ ಬಂದಿತ್ತು. 2024ರ ಡಿಸೆಂಬರಿನಲ್ಲಿ ಅದನ್ನು 12 ಮಂದಿಗೆ ಇಳಿಸಿದರು. ನಮಗೆ ಬೇಕಾದದ್ದು ಪೂರಾ ಇಪ್ಪತ್ತು.

“ನಿನ್ನ ಆಫೀಸಿನಲ್ಲೇ ಸಿಗೋದಿಲ್ವಾ?” ಅಂದೆ.

“ಐದು ನಿಮಿಷದಲ್ಲಿ ಸಿಗ್ತಾರೆ ಅತ್ತೆ. ಆದ್ರೆ ಅವರ ಮನೆ ಅಂಗಳದಲ್ಲಿ ಮಳೆಮಾಪಕ ಇಲ್ವಲ್ಲ.”

ಆ ಮಾತಿಗೆ ನಾನು ಸೋತೆ. ಹದಿನಾಲ್ಕು ದಿನವೆಂದರೆ ಹೆಚ್ಚು ಕಡಿಮೆ ಒಂದು ಮಳೆ. ಸೂರ್ಯ ಒಂದು ನಕ್ಷತ್ರ ದಾಟಲು ತೆಗೆದುಕೊಳ್ಳುವುದು ಹದಿಮೂರು ಹದಿನಾಲ್ಕು ದಿನ. ಆರ್ದ್ರೆ ಮುಗಿದು ಜುಲೈ ಮೊದಲ ವಾರದಲ್ಲಿ ಪುನರ್ವಸು ಹಿಡಿಯುತ್ತದೆ, ಅದು ಮುಗಿಯುವ ಹೊತ್ತಿಗೆ ಪರೀಕ್ಷೆಯೂ ಮುಗಿಯಲಿ ಎಂದು ಗೊತ್ತುಮಾಡಿಕೊಂಡೆವು.

ಜನ ಒಪ್ಪಿದರು. ಕಷ್ಟವಾದದ್ದು ಜೀಮೇಲ್. ಫೋನಿನಲ್ಲಿರುವ ಖಾತೆ ಯಾವುದೋ ಅದೇ ವಿಳಾಸವನ್ನು ಪಟ್ಟಿಗೆ ಸೇರಿಸಬೇಕು, ಅವರಿಗೆ ಲಿಂಕ್ ಕಳಿಸಬೇಕು, ಅವರು ಒತ್ತಿ ಒಪ್ಪಿಕೊಳ್ಳಬೇಕು, ಆಮೇಲೆ ಇಳಿಸಿಕೊಳ್ಳಬೇಕು. “ನಿಮ್ಮ ಜೀಮೇಲ್ ಯಾವುದು?” ಎಂದರೆ ಯಾರಿಗೂ ಗೊತ್ತಿಲ್ಲ. ಫೋನು ಮಾರಿದ ಅಂಗಡಿಯ ಹುಡುಗ ಮಾಡಿಕೊಟ್ಟದ್ದು, ಪುಣೆಯಲ್ಲಿರುವ ಮಗ ಹಾಕಿಕೊಟ್ಟದ್ದು. ಮೂರು ದಿನ ಕೊಡೆ ಹಿಡಿದು, ಕಾಲಿಗೆ ಹತ್ತಿದ ಉಂಬಳ ಕಿತ್ತುಕೊಳ್ಳುತ್ತ ಮನೆಮನೆಗೆ ಹೋದೆ. ಒಬ್ಬೊಬ್ಬರ ಫೋನಿನಲ್ಲಿಯೂ ಪ್ಲೇ ಸ್ಟೋರ್ ತೆರೆದು, ಮೂಲೆಯ ಸಣ್ಣ ವೃತ್ತ ಒತ್ತಿ, ಅಲ್ಲಿ ಕಂಡ ವಿಳಾಸವನ್ನು ಅಕ್ಷರ ಅಕ್ಷರ ಬರೆದುಕೊಂಡೆ. ಒಬ್ಬಿಬ್ಬರು ನಡುವೆ ಬಿಟ್ಟರೂ ಇರಲಿ ಎಂದು 23 ಜನರನ್ನು ಸೇರಿಸಿದೆವು. ಎಲ್ಲರಿಗೂ ಒಂದು ಮಾತು ಹೇಳಿದ್ದೆ: ಇದು ಇನ್ನೂ ಹಸಿ ಕೆಲಸ, ಪುಸ್ತಕದಲ್ಲಿ ಬರೆಯುವುದನ್ನು ಮಾತ್ರ ಬಿಡಬೇಡಿ.

ಹೋದ ಮನೆಗಳಲ್ಲೆಲ್ಲ ಒಂದೇ ಪ್ರಶ್ನೆ: “ನಾವು ಬರೆದದ್ದು ಯಾರಿಗೆ ಹೋಗ್ತದೆ?” ಆ್ಯಪ್ ತೆರೆದ ಕೂಡಲೇ ಮನೆ ಎಲ್ಲಿದೆ ಎಂದು ನೋಡಲು ಒಪ್ಪಿಗೆ ಕೇಳುತ್ತಿತ್ತು. ಅದು ಯಾಕೆ ಬೇಕು ಎಂಬುದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅವಳನ್ನು ಕೇಳಿದರೆ, ಊರಿನ ಹೆಸರು ತಾನಾಗಿ ಬರಲಿ ಎಂದು ಹಾಕಿದ್ದಂತೆ. ಊರಿನ ಹೆಸರನ್ನು ಅವರೇ ಬರೆಯಬಲ್ಲರಲ್ಲ ಎಂದೆ. ಅಂದೇ ರಾತ್ರಿ ಅದನ್ನು ತೆಗೆದುಹಾಕಿದಳು. ಪರೀಕ್ಷೆ ಶುರುವಾಗುವ ಮೊದಲೇ ಸಿಕ್ಕ ಮೊದಲ ತಿದ್ದುಪಡಿ ಅದು, ಯಾವ ಬಟನ್ನೂ ಒತ್ತದೆ, ಬರೀ ಒಂದು ಪ್ರಶ್ನೆಯಿಂದ ಸಿಕ್ಕಿದ್ದು.

ಕೆಳಗಿನಮನೆಯ ಅಜ್ಜನಿಗೆ ಎಪ್ಪತ್ತೆಂಟು ವರ್ಷ. ಮೊದಲ ದಿನ ಅವರ ಮನೆಯಿಂದಲೇ ಶುರುಮಾಡೋಣವೆಂದು ಎಂಟು ಗಂಟೆಗೇ ಹೋಗಿ ಕೂತೆ. ಹೋಗುವ ಮೊದಲು ಅಣ್ಣನ ಮಗಳು ಹೇಳಿದ್ದಳು: “ಅತ್ತೆ, ನೀವು ಫೋನ್ ಮುಟ್ಟಬಾರದು, ಹೇಳಿಕೊಡಲೂಬಾರದು. ಅವರು ಎಲ್ಲಿ ತಡಕಾಡ್ತಾರೋ ಆ ಜಾಗವೇ ನಂಗೆ ಬೇಕಾಗಿದ್ದು.” ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಮಗು ‘ಳ’ ಬರೆಯಲು ತಡವರಿಸಿದರೆ ಕೈ ತಾನಾಗಿ ಮುಂದೆ ಹೋಗುತ್ತದೆ. ಸುಮ್ಮನೆ ಕೂತು ನೋಡುವ ಅಭ್ಯಾಸ ನನಗಿರಲಿಲ್ಲ.

ಅಜ್ಜ ಕಂಬಳಿ ಕೊಪ್ಪೆ ಹಾಕಿಕೊಂಡು ಅಂಗಳಕ್ಕಿಳಿದರು. ನೀರನ್ನು ಒಂದು ಹನಿ ಚೆಲ್ಲದಂತೆ ಗಾಜಿಗೆ ಸುರಿದರು, ಸೂರಿನ ಕೆಳಗೆ ಬಂದು ಬೆಳಕಿಗೆ ಹಿಡಿದರು. ಗಾಜಿನ ಅಂಚಿನಲ್ಲಿ ನೀರು ತುಸು ಮೇಲೇರಿರುತ್ತದೆ. ಅದನ್ನು ಬಿಟ್ಟು ನಡುವಿನ ತಗ್ಗನ್ನು ಓದಬೇಕು. ಅವರು ಓದಿದ್ದು ಆ ತಗ್ಗನ್ನೇ. 62.4. ಒಳಗೆ ಬಂದು ಪಂಚೆಗೆ ಕೈ ಒರೆಸಿಕೊಂಡು ಫೋನು ಹಿಡಿದರು. ಒದ್ದೆ ಬೆರಳಿಗೆ ಪರದೆ ಅಲುಗಲಿಲ್ಲ. ಮತ್ತೆ ಒರೆಸಿಕೊಂಡರು. 6 ಒತ್ತಿದರು, 2 ಒತ್ತಿದರು, ಆಮೇಲೆ ಬೆರಳು ಗಾಳಿಯಲ್ಲಿ ನಿಂತಿತು. ಚುಕ್ಕಿ ಎಲ್ಲಿ? ಬಂದ ಕೀಲಿಮಣೆಯಲ್ಲಿ ಅಂಕಿಗಳಷ್ಟೇ ಇದ್ದವು, ಚುಕ್ಕಿಯೇ ಇರಲಿಲ್ಲ. ಮೇಲೆ ನೋಡಿದರು, ಕೆಳಗೆ ನೋಡಿದರು, ನನ್ನ ಮುಖ ನೋಡಿದರು. ನಾನು ತುಟಿ ಕಚ್ಚಿಕೊಂಡು ಕೂತಿದ್ದೆ. ಕೊನೆಗೆ 4 ಒತ್ತಿ ಮುಂದೆ ಹೋದರು. ಆ್ಯಪು 624 ಮಿಲಿಮೀಟರ್ ಎಂದು ಬರೆದುಕೊಂಡಿತು. ಒಂದು ಮಾತೂ ಕೇಳಲಿಲ್ಲ.

ಅಜ್ಜ ಫೋನನ್ನು ಮೆಲ್ಲಗೆ ಮಂಚದ ಮೇಲಿಟ್ಟರು. “ಇದು ನನ್ನ ಕೈಲಾಗೋದಲ್ಲ ತಂಗಿ. ಹುಡುಗರಿಗಾಯ್ತು.”

ಈ ಮಾತನ್ನು ಆ ಹದಿನಾಲ್ಕು ದಿನಗಳಲ್ಲಿ ಎಷ್ಟು ಮನೆಗಳಲ್ಲಿ ಕೇಳಿದೆನೋ. ‘ನಂಗೆ ಬರೋದಿಲ್ಲ’, ‘ನಮ್ಮ ತಲೆಗೆ ಹತ್ತೋದಿಲ್ಲ’, ‘ಓದಿದವರಿಗೆ ಸರಿ’. ಐವತ್ತು ಮಳೆಗಾಲ ತಪ್ಪದೆ ಅಳೆದ ಕೈ ಅದು. ದಶಾಂಶದವರೆಗೆ ಓದಿ ಹೇಳುವ ಕಣ್ಣು. ಒಂದು ಚುಕ್ಕಿ ಇಡಲು ಮರೆತದ್ದು ಬೆಂಗಳೂರಿನಲ್ಲಿ, ತಲೆ ತಗ್ಗಿಸಿದ್ದು ಇಲ್ಲಿ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಹೇಳಿಕೊಡಬಾರದೆಂಬ ಕಟ್ಟು ಇದ್ದದ್ದು ಆ್ಯಪಿಗೆ, ಈ ಮಾತಿಗಲ್ಲವಲ್ಲ. “ಅಜ್ಜ, ನೀವು ಸರಿಯಾಗೇ ಮಾಡಿದ್ರಿ. ಚುಕ್ಕಿ ಇಡೋಕೆ ಅದರಲ್ಲಿ ಜಾಗವೇ ಇಲ್ಲ. ಇದನ್ನ ಹುಡುಕೋಕೇ ನಾವು ನಿಮ್ಮ ಹತ್ರ ಬಂದದ್ದು,” ಎಂದೆ.

ಅವರು ಫೋನನ್ನು ಮತ್ತೆ ಎತ್ತಿಕೊಂಡು ತಿರುಗಿಸಿ ನೋಡಿದರು. “ಹಾಗಾದ್ರೆ ತಪ್ಪು ಇದರದ್ದಾ?”

“ಇದರದ್ದೇ.”

ಮರುದಿನ ಎಂಟೂ ಮುಕ್ಕಾಲಿಗೆ ಅವರೇ ಫೋನು ಮಾಡಿದರು. “ತಂಗಿ, ಬರ್ಕೋ. ನಿನ್ನೆಯದ್ದನ್ನ ತಿದ್ದೋಣ ಅಂದ್ರೆ ದಾರಿನೇ ಇಲ್ಲ.” ದನಿಯಲ್ಲಿ ಹಿಂದಿನ ದಿನದ ಸಂಕೋಚವಿರಲಿಲ್ಲ. ಸೊಸೈಟಿಯಲ್ಲಿ ತೂಕ ತಪ್ಪಿದರೆ ಎದ್ದುನಿಂತು ಕೇಳುವ ದನಿ ಅದು. ಪರೀಕ್ಷಕನೆಂದರೆ ಹೀಗಿರಬೇಕು. ಆಮೇಲೆ ನಾನು ಪ್ರತಿ ಮನೆಯಲ್ಲೂ ಮೊದಲು ಹೇಳಿದ್ದು ಈ ಮಾತನ್ನೇ: ನಿಮಗೆ ಎಲ್ಲಿ ಗೊತ್ತಾಗುವುದಿಲ್ಲವೋ ಅಲ್ಲಿ ಆ್ಯಪಿನ ತಪ್ಪಿದೆ, ಆ ಜಾಗ ನನಗೆ ತೋರಿಸಿ.

ಹೀಗೆ ಜನರನ್ನು ಕೂರಿಸಿಕೊಂಡು ನೋಡುವುದರ ಬಗ್ಗೆ ಜಾಕೊಬ್ ನೀಲ್ಸನ್ ಎಂಬ ತಜ್ಞರು 2000ದಲ್ಲೇ ಬರೆದಿದ್ದಾರೆಂದು ಅಣ್ಣನ ಮಗಳು ಹೇಳಿದಳು. ಐದು ಜನ ಬಳಸುವುದನ್ನು ನೋಡಿದರೆ ಸಾಕು, ಬಹುಪಾಲು ತೊಡಕು ಕಾಣುತ್ತದಂತೆ. ನಮ್ಮ ಅನುಭವದಲ್ಲೂ ಅದು ಬಹಳ ಮಟ್ಟಿಗೆ ನಿಜವಾಯಿತು. ಆದರೆ ಆ ಐದು ಜನ ಯಾರು ಎಂಬುದು ದೊಡ್ಡ ಪ್ರಶ್ನೆ. ಒಂದೇ ಕೇರಿಯ ಐದು ಜನರಾಗಿದ್ದರೆ ಮುಂದೆ ಹೇಳುವ ಎಷ್ಟೋ ಸಂಗತಿ ನಮಗೆ ಸಿಗುತ್ತಿರಲಿಲ್ಲ.

ದೂರು ಬರೆದು ಕಳಿಸಲು ಅವಳು ಒಂದು ಫಾರಂ ಮಾಡಿಕೊಟ್ಟಿದ್ದಳು. ಅದನ್ನು ಒಬ್ಬರೂ ತುಂಬಲಿಲ್ಲ. ಎಲ್ಲ ಬಂದದ್ದು ವಾಟ್ಸ್‌ಆ್ಯಪಿನ ಧ್ವನಿಯಲ್ಲಿ, ಹಿಂದೆ ಮಳೆಯ ಸದ್ದು, ಕೊಟ್ಟಿಗೆಯಲ್ಲಿ ಕರು ಕೂಗುವ ಸದ್ದು. ಹೆಚ್ಚಿನವು “ಆಗ್ತಾ ಇಲ್ಲ” ಎಂಬ ಒಂದೇ ಮಾತು. ಏನು ಆಗುತ್ತಿಲ್ಲ? ಮೊದಮೊದಲು ನಾನೇ ಊಹಿಸಿ ಅವಳಿಗೆ ಬರೆದು ಕಳಿಸಿದೆ, ಊಹೆ ತಪ್ಪಾಗಿ ಅವಳು ಎರಡು ರಾತ್ರಿ ಇಲ್ಲದ ತೊಡಕನ್ನು ಹುಡುಕಿದಳು. ಆಮೇಲೆ ಎರಡೇ ಪ್ರಶ್ನೆ ಇಟ್ಟುಕೊಂಡೆ. ಅದಕ್ಕೆ ಮೊದಲು ಏನು ಒತ್ತಿದಿರಿ? ಆಗ ಪರದೆಯ ಮೇಲೆ ಏನು ಕಾಣುತ್ತಿತ್ತು? ಅವರ ಉತ್ತರವನ್ನು ಅವರ ಮಾತಿನಲ್ಲೇ ಬರೆದೆ, ನನ್ನ ಮಾತಿಗೆ ತಿರುಗಿಸಲಿಲ್ಲ.

ಹಳ್ಳದಾಚೆಯ ಮನೆಯ ಹೆಂಗಸು ಸ್ವಸಹಾಯ ಸಂಘದ ಲೆಕ್ಕ ಬರೆಯುವವಳು, ಚುರುಕಿನವಳು. ಮೂರು ದಿನವಾದರೂ ಅವಳ ಮಳೆ ಬರಲಿಲ್ಲ. ಹೋಗಿ ನೋಡಿದರೆ ಅಂಕಿ ಎಲ್ಲ ಸರಿಯಾಗಿ ಒತ್ತಿ, ಕೊನೆಯ ಬಟನ್ನಿನ ಹತ್ತಿರ ನಿಂತಿದ್ದಾಳೆ. ಬಟನ್ನಿನ ಮೇಲೆ ‘ಸಲ್ಲಿಸು’ ಎಂದಿತ್ತು. “ಯಾರಿಗೆ ಸಲ್ಲಿಸೋದು ಅಕ್ಕಾ? ಒಂದ್ಸಲ ಸಲ್ಲಿಸಿದ ಮೇಲೆ ತಪ್ಪಿದ್ರೆ ಕಷ್ಟ ಅಲ್ವಾ?” ಅರ್ಜಿ ಸಲ್ಲಿಸಿದವರಿಗೆ ಆ ಪದದ ಭಾರ ಗೊತ್ತು. ಕಚೇರಿಯ ಕಿಟಕಿ, ಮುದ್ರೆ, ‘ನಾಳೆ ಬಾ’, ಎಲ್ಲ ಆ ಮೂರಕ್ಷರದಲ್ಲಿದೆ. ಪಕ್ಕದಲ್ಲೇ ‘ರದ್ದುಮಾಡು’ ಎಂಬ ಇನ್ನೊಂದು ಬಟನ್. ರೇಷನ್ ಕಾರ್ಡು ರದ್ದಾಗಿ ತಿರುಗಾಡಿದವರ ಮನೆಯಲ್ಲಿ ಅದನ್ನು ಯಾರು ಮುಟ್ಟುತ್ತಾರೆ? ಇನ್ನೊಂದು ಮನೆಯಲ್ಲಿ ಅಮ್ಮನವರೊಬ್ಬರು ಫೋನಿನಲ್ಲಿ ‘ದೋಷ ಸಂಭವಿಸಿದೆ’ ಎಂದು ಕಂಡದ್ದಕ್ಕೆ ದಿನವಿಡೀ ಮನಸ್ಸು ಕೆಡಿಸಿಕೊಂಡಿದ್ದರು. ದೋಷವೆಂದರೆ ಅವರಿಗೆ ಜಾತಕದಲ್ಲಿ ಬರುವುದು, ಶಾಂತಿ ಮಾಡಿಸಬೇಕಾದದ್ದು.

ಇದನ್ನೆಲ್ಲ ಹೇಳಿದಾಗ ಅಣ್ಣನ ಮಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಅತ್ತೆ, ಎಲ್ಲ ಆ್ಯಪಲ್ಲೂ ಹೀಗೇ ಇರುತ್ತೆ, ಅದಕ್ಕೇ ಹಾಗೇ ಹಾಕಿದೆ,” ಅಂದಳು. ಅವಳ ಮಾತು ಸುಳ್ಳಲ್ಲ. ಫೋನುಗಳಲ್ಲಿ ನಾವು ಓದುವ ಕನ್ನಡ ಬಹುಪಾಲು ಅರ್ಜಿ ನಮೂನೆಯ ಕನ್ನಡ. ನಮೂದಿಸಿ, ಪರಿಶೀಲಿಸಿ, ದೃಢೀಕರಿಸಿ. ಮನೆಯಲ್ಲಿ ಯಾರೂ ಯಾರಿಗೂ ಹಾಗೆ ಹೇಳುವುದಿಲ್ಲ. ಕನ್ನಡ ಆ್ಯಪ್ ಅರ್ಥವಾಗುವುದಿಲ್ಲ, ಇಂಗ್ಲಿಷೇ ಇರಲಿ ಎಂದು ಜನ ಹೇಳಿದರೆ ಅವರು ಕನ್ನಡವನ್ನು ಬಿಟ್ಟರು ಎಂದು ನಾವು ಬೇಸರಪಡುತ್ತೇವೆ. ಅವರು ದೂರ ಸರಿಯುವುದು ಈ ಕಚೇರಿಯ ಕನ್ನಡದಿಂದ. ಆ ರಾತ್ರಿ ಇಬ್ಬರೂ ಫೋನಿನಲ್ಲೇ ಕೂತು ಒಂದೊಂದಾಗಿ ಬದಲಾಯಿಸಿದೆವು. ‘ಮಳೆಯ ಪ್ರಮಾಣ ನಮೂದಿಸಿ’ ಹೋಗಿ ‘ಮಳೆ ಎಷ್ಟು ಬಂತು?’ ಆಯಿತು. ‘ಸಲ್ಲಿಸು’ ಹೋಗಿ ‘ಬರೆದಿಡು’ ಬಂತು. ‘ರದ್ದುಮಾಡು’ ಇದ್ದಲ್ಲಿ ‘ಬೇಡ’. ದೋಷದ ಜಾಗದಲ್ಲಿ ‘ಸರಿಯಾಗಲಿಲ್ಲ, ಇನ್ನೊಮ್ಮೆ ಒತ್ತಿ’. ಹಳ್ಳದಾಚೆಯವಳು ಮರುದಿನವೇ ತನ್ನ ಮಳೆ ಬರೆದಿಟ್ಟಳು.

ಕಣ್ಣು ಮಂಜಾದವರು ಫೋನಿನ ಅಕ್ಷರವನ್ನು ಅತಿ ದೊಡ್ಡದು ಮಾಡಿಟ್ಟುಕೊಂಡಿರುತ್ತಾರೆ. ಅಂಥ ಫೋನಿನಲ್ಲಿ ‘ಬರೆದಿಡು’ ಬಟನ್ನು ಪರದೆಯ ಕೆಳಗೆ ಜಾರಿ ಕಾಣದೇ ಹೋಗಿತ್ತು. ‘ಒಟ್ಟು ಮೊತ್ತ’ದ ಒತ್ತಕ್ಷರಗಳು ಕತ್ತರಿಸಿಹೋಗಿ ‘ಒಟು ಮೊತ’ ಎಂದು ಕಾಣುತ್ತಿತ್ತು. ಕನ್ನಡದ ಅಕ್ಷರಕ್ಕೆ ಮೇಲೂ ಕೆಳಗೂ ಜಾಗ ಬೇಕೆಂದು ಸಾಲಿನ ಎತ್ತರ ಗೊತ್ತುಮಾಡಿದಾಗ ಅವಳಿಗೆ ಹೊಳೆದಿರಲಿಲ್ಲ. ಪೌರೋಹಿತ್ಯ ಮಾಡುವ ಒಬ್ಬರು ಅಂಕಿಯನ್ನೂ ಕನ್ನಡದಲ್ಲೇ ಬರೆಯುವವರು. ಅವರು ೪೮ ಎಂದರೆ ಆ್ಯಪು ‘ಅಂಕಿ ಬರೆಯಿರಿ’ ಎನ್ನುತ್ತಿತ್ತು. ಕನ್ನಡದ ಮಳೆ ಲೆಕ್ಕಕ್ಕೆ ಕನ್ನಡದ ಅಂಕಿ ಗೊತ್ತಿರಲಿಲ್ಲ. ಅದನ್ನು ಸರಿಮಾಡಿದ ಮೇಲೂ ಅವರ ಒಂದು ದಿನದ ಐವತ್ತು ಮಾತ್ರ ನಿಲ್ಲಲಿಲ್ಲ. ಬಹಳ ಹೊತ್ತು ತಲೆ ಕೆಡಿಸಿಕೊಂಡ ಮೇಲೆ ಅವಳಿಗೆ ಸಿಕ್ಕಿತು: ೫ರ ಮುಂದೆ ಅವರು ಸೊನ್ನೆಯ ಬದಲು ಅನುಸ್ವಾರ ಒತ್ತಿದ್ದರು. ಕಣ್ಣಿಗೆ ಎರಡೂ ಒಂದೇ ಉರುಟು. ನಾವು ಅನುಸ್ವಾರವನ್ನು ಸೊನ್ನೆ ಎಂದೇ ಕರೆಯುವವರು. ಯಂತ್ರಕ್ಕೆ ಮಾತ್ರ ಅವು ಬೇರೆ ಬೇರೆ. ಈಗ ಅಂಕಿಯ ಪಕ್ಕದಲ್ಲಿ ಅನುಸ್ವಾರ ಬಂದರೆ ಸೊನ್ನೆಯೆಂದೇ ತಿಳಿಯುವಂತೆ ಮಾಡಿದ್ದಾಳೆ.

ಅಜ್ಜನ 624 ಆದ ಮೇಲೆ, ತಪ್ಪು ಅಂಕಿ ಬಾರದಿರಲೆಂದು ಅವಳು ಒಂದು ಗಡಿ ಹಾಕಿದ್ದಳು, ದಿನಕ್ಕೆ 200. ಪುನರ್ವಸು ಕೊನೆಗೆ ಬರುತ್ತಿದ್ದಂತೆ ಮಳೆ ಜೋರಾಯಿತು. ಹೊಸನಗರದ ಘಟ್ಟದಂಚಿನಲ್ಲಿ ನನ್ನ ಜೊತೆ ಕೆಲಸ ಮಾಡಿದ ಟೀಚರೊಬ್ಬರಿದ್ದಾರೆ. ಒಂದು ಬೆಳಿಗ್ಗೆ ಅವರ ಅಂಗಳದಲ್ಲಿ 212. ಆ್ಯಪು ‘ಇಷ್ಟು ಮಳೆ ಸಾಧ್ಯವಿಲ್ಲ’ ಎಂದಿತು. “ಒಂದ್ಸಲ ಬಂದು ನಮ್ಮ ಅಂಗಳದಲ್ಲಿ ನಿಲ್ಲೋಕೆ ಹೇಳು ನಿನ್ನ ಸೊಸೆಗೆ,” ಎಂದರು. ಅವರಿಗೆ ನಿಜವಾಗಿ ನೋವಾಗಿತ್ತು. ರಾತ್ರಿಯಿಡೀ ಮಾಡಿನ ಮೇಲೆ ಬಿದ್ದ ಮಳೆಯನ್ನು ಇಲ್ಲವೆಂದರೆ ಯಾರಿಗೆ ನೋವಾಗುವುದಿಲ್ಲ? ಬೆಂಗಳೂರಿನಲ್ಲಿ ಇಡೀ ವರ್ಷಕ್ಕೆ ಬರುವುದು ಸುಮಾರು 1000 ಮಿಲಿಮೀಟರ್. ಆಗುಂಬೆಯಲ್ಲಿ ಸರಾಸರಿ 7000ದ ಮೇಲೆ. ಬೆಂಗಳೂರಿನಲ್ಲಿ ಕೂತವರಿಗೆ ಒಂದು ದಿನದ 200 ಆಕಾಶವೇ ಹರಿದಂತೆ. ಗಡಿ ತೆಗೆದು ಒಂದು ಪ್ರಶ್ನೆ ಇಟ್ಟಳು: ‘212 ಮಿ.ಮೀ., ಹೌದಾ?’ ಹೌದೆಂದರೆ ಬರೆದುಕೊಳ್ಳುತ್ತದೆ. ಅಳೆದವರ ಮಾತನ್ನು ನಂಬುತ್ತದೆ.

ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ಆ ದಿನಗಳಲ್ಲಿ ನಮ್ಮ ಕಡೆಯೂ ಯಾರಿಗೂ ನಿದ್ದೆಯಿಲ್ಲ. ಕಂಬ ಬಿದ್ದು ನಾಲ್ಕು ದಿನ ಕರೆಂಟಿರಲಿಲ್ಲ, ಟವರೂ ಸತ್ತಿತ್ತು. ಆ್ಯಪಿನ ಮಾತು ಯಾರಿಗೂ ನೆನಪಾಗಲಿಲ್ಲ, ನನಗೂ. ಆದರೂ ಎಲ್ಲರೂ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದಿದ್ದರು. ಐದನೇ ದಿನ ಪೇಟೆಗೆ ಹೋದವರು ಅಂಗಡಿಯಲ್ಲಿ ಫೋನು ಚಾರ್ಜು ಮಾಡಿಕೊಂಡು ನಾಲ್ಕೂ ದಿನದ ಮಳೆಯನ್ನು ಒಟ್ಟಿಗೆ ಬರೆದರು. ಆ್ಯಪು ಬರೆದ ದಿನವನ್ನೇ ಮಳೆಯ ದಿನವೆಂದು ತಿಳಿದು, ಒಂದರ ಮೇಲೊಂದು ಅಳಿಸಿ, ಕೊನೆಯದನ್ನು ಮಾತ್ರ ಉಳಿಸಿಕೊಂಡಿತು. ಏಳು ಮನೆಗಳಲ್ಲಿ, ಆ ಮಳೆಗಾಲದ ಅತಿ ದೊಡ್ಡ ಮಳೆಯ ದಿನಗಳೇ ಇಲ್ಲವಾದವು.

ಅಂದು ರಾತ್ರಿ ಅವಳು ಫೋನಿನಲ್ಲಿ ಅತ್ತಳು. “ಅವರ ಮಳೆಯನ್ನ ನಾನು ಅಳಿಸಿಬಿಟ್ಟೆ ಅತ್ತೆ.” ಪುಸ್ತಕದಲ್ಲಿ ಇದೆಯಲ್ಲ ಎಂದು ನಾನು ಸಮಾಧಾನ ಹೇಳಿದೆ. ಮರುದಿನ ಏಳೂ ಮನೆಗೆ ಅವಳೇ ಫೋನು ಮಾಡಿ ತಪ್ಪು ತನ್ನದೆಂದು ಹೇಳಿದಳು. ಅದನ್ನು ನಾನು ಹೇಳಿಕೊಟ್ಟದ್ದಲ್ಲ. ಯಾರೂ ಬೈಯಲಿಲ್ಲ. ಅಳೆದ ದಿನ ಯಾವುದು ಎಂದು ಕೇಳುವ ಹೊಸ ಸಾಲು ಬಂದ ಮೇಲೆ ಎಲ್ಲರೂ ಪುಸ್ತಕ ನೋಡಿ ಮತ್ತೆ ತುಂಬಿದರು.

ಹದಿನಾಲ್ಕು ದಿನ ಮುಗಿಯಿತು. 23ರಲ್ಲಿ 22 ಜನ ಕೊನೆಯವರೆಗೂ ಉಳಿದರು. ಮುಂದಿನ ಕಾಗದಪತ್ರದ ಕೆಲಸ ಅವಳದ್ದು. ನಾನು ಕೊನೆಯ ದಿನ ಮನೆಮನೆಗೆ ಹೋಗಿ, ಇನ್ನೇನು ಬೇಕು ಎಂದು ಕೇಳಿಬಂದೆ. ಕೆಳಗಿನಮನೆಯ ಅಜ್ಜ ಉತ್ತರ ಹೇಳದೆ ಒಳಗೆ ಹೋಗಿ ತಮ್ಮ ಮಳೆ ಪುಸ್ತಕ ತಂದು ನನ್ನ ತೊಡೆಯ ಮೇಲೆ ಬಿಡಿಸಿಟ್ಟರು. ತಾರೀಕು, ಮಳೆ, ಒಟ್ಟು, ಅದರಾಚೆ ಬಲತುದಿಯಲ್ಲಿ ಒಂದು ಅಗಲವಾದ ಅಂಕಣ, ಮೇಲೆ ‘ಷರಾ’ ಎಂದಿತ್ತು. ‘ಗಾಳಿ. ಬಾವಿಕಟ್ಟೆಯ ತೆಂಗು ಬಿತ್ತು.’ ‘ಗಂಗೆ ಹೆಣ್ಣುಕರು ಹಾಕಿತು.’ ‘ಹಳ್ಳ ದಾಟಲಾಗಲಿಲ್ಲ.’ ‘ಅಣ್ಣ ಹೋದ.’ ಈ ಕೊನೆಯದರ ಎದುರು ಮಳೆಯ ಅಂಕಿಯೂ ಇತ್ತು, 41.0. ಅಂದೂ ಅಳೆದಿದ್ದರು. ಮನೆಗೆ ಬಂದು ಮಾವನವರ ಪುಸ್ತಕ ತೆಗೆದರೆ ಅಲ್ಲೂ ಅದೇ ಅಂಕಣ. ಇಷ್ಟು ವರ್ಷ ಬರೆದರೂ ಅದನ್ನು ಅವಳಿಗೆ ಹೇಳಬೇಕೆಂದು ನನಗೆ ಹೊಳೆದಿರಲಿಲ್ಲ.

ಪುಷ್ಯ ಮಳೆ ಹಿಡಿದು ಐದಾರು ದಿನಕ್ಕೆ ಹೊಸ ಆವೃತ್ತಿ ಬಂತು. ಅಜ್ಜ ಅದನ್ನು ಹಾಕಿಕೊಂಡರು. ಎಂಟೂ ಮುಕ್ಕಾಲಿಗೆ ತಮ್ಮ ಪರದೆಯ ಚಿತ್ರ ಕಳಿಸಿದರು, ಚಿತ್ರ ತೆಗೆದು ಕಳಿಸುವುದನ್ನು ಮೊಮ್ಮಗನಿಂದ ಕಲಿತಿದ್ದರು. 38.2. ಕೆಳಗೆ, ಷರಾ: ‘ಬೆಳಗಿನಿಂದ ಹೊಳವು. ಮದ್ದಿಗೆ ಜನ ಹೇಳಬೇಕು.’